ಕಾರು ಮಾರುವವನ ಮಾತು, ನಮ್ಮ ದುಡಿಮೆಯ ಗಂಟು

ದಿಲ್ಲಿಯಲ್ಲಿ ಕಾರು ಈಗ ಸಾಹೇಬರ ಸೊತ್ತಾಗಿ ಮಾತ್ರ ಉಳಿದಿಲ್ಲ. ಹೋಟೆಲು, ಗಿರಣಿಗಳಲ್ಲಿ ದುಡಿಯುವ ನಮ್ಮ ಬಾಂಧವರಲ್ಲಿಯೂ ಕಾರು ಕೊಳ್ಳುವ ಮಾತು ಬರುತ್ತಿದೆ. ಒಬ್ಬರಿಗೆ ಟ್ಯಾಕ್ಸಿ ಓಡಿಸಿ ಸ್ವತಂತ್ರವಾಗಿ ಬಾಳುವ ಆಸೆ. ಇನ್ನೊಬ್ಬರಿಗೆ ಅಡುಗೆ ಕಂತ್ರಾಟಿನ ಪಾತ್ರೆ ಪದಾರ್ಥ ಸಾಗಿಸಲು ವ್ಯಾನು ಬೇಕು. ಮತ್ತೊಬ್ಬರಿಗೆ ಮಕ್ಕಳ ಒತ್ತಾಯ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಅದಕ್ಕೆ ಹಾಕುವ ಹಣ ಇಪ್ಪತ್ತು ವರ್ಷ ಒಲೆಯ ಮುಂದೆ, ಯಂತ್ರದ ಮುಂದೆ ನಿಂತು ಕೂಡಿಟ್ಟ ಗಂಟು. ಅದು ಅರ್ಧ ಗಂಟೆಯ ಸಿಹಿಮಾತಿಗೆ ಕರಗಬಾರದೆಂದು ಈ ನಾಲ್ಕು ಮಾತು.

ಒಂದು ಕಾಲದಲ್ಲಿ ಈ ದೇಶದಲ್ಲಿ ಕಾರು ಬೇಕೆಂದವರು ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯಬೇಕಿತ್ತು. ಅಂಬಾಸಿಡರ್, ಪದ್ಮಿನಿಗಳ ಕಾಲವದು. 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಗಿರಾಕಿಯ ಕೈಗಿತ್ತರು. ಆ ಕಾರು ತಯಾರಾದುದು ಇಲ್ಲೇ ಪಕ್ಕದ ಗುಡಗಾಂವಿನಲ್ಲಿ. ಅಲ್ಲಿಂದ ಈಚೆಗೆ ಕಾಲ ತಿರುಗಿದೆ. ಇಂದು ಕಾರು ಗಿರಾಕಿಗಾಗಿ ಕಾದು ನಿಂತಿದೆ. ಆದರೂ ನಮ್ಮವರು ಗಾಜಿನ ಬಾಗಿಲು ದಾಟಿದೊಡನೆ ಇನ್ನೂ ಸರದಿಯಲ್ಲಿ ನಿಂತವರಂತೆ ಕೈ ಮುದುಡಿಕೊಳ್ಳುವುದೇಕೆ? ತಣ್ಣನೆಯ ಕೋಣೆ, ಟೈ ಕಟ್ಟಿದ ಹುಡುಗ, ಓಡುವ ಹಿಂದಿ, ನಡುನಡುವೆ ಇಂಗ್ಲಿಷು; ಪ್ರಶ್ನೆ ಕೇಳಿದರೆ ಹಳ್ಳಿಯವನೆಂದು ತಿಳಿದಾರೆಂಬ ಸಂಕೋಚ. ಈ ಸಂಕೋಚಕ್ಕೆ ತೆರುವ ಬೆಲೆ ಸಾವಿರಗಳಲ್ಲಿದೆ.

ಆ ಟೈ ಕಟ್ಟಿದ ಹುಡುಗನನ್ನು ನಾವು ವೈರಿಯೆಂದು ಬಗೆಯಬೇಕಾಗಿಲ್ಲ. ಅವನೂ ನಮ್ಮಂತೆಯೇ ದುಡಿಯುವವನು. ತಿಂಗಳಿಗೆ ಇಷ್ಟು ಗಾಡಿ ಮಾರಬೇಕೆಂಬ ಗುರಿ ಅವನ ತಲೆಯ ಮೇಲಿರುತ್ತದೆ. ಸಾಲ, ವಿಮೆ, ಸೀಟಿನ ಹೊದಿಕೆ ಮುಂತಾದವನ್ನು ಕಾರಿನ ಜೊತೆಗೆ ಮಾರಿದಷ್ಟೂ ಅಂಗಡಿಗೆ ಲಾಭ. ಹೋಟೆಲಿನಲ್ಲಿ ದುಡಿಯುವವರಿಗೆ ಇದನ್ನು ವಿವರಿಸಿ ಹೇಳಬೇಕೆ? "ಇವತ್ತಿನ ಸ್ಪೆಷಲ್" ಎಂದು ನಾವು ಗಿರಾಕಿಗೆ ಹೇಳುವಾಗ ಅದು ಎಷ್ಟೋ ಸಲ ಮಾಲೀಕನಿಗೆ ಬೇಗ ಖರ್ಚಾಗಬೇಕಾದ ತಿಂಡಿ. "ಈ ರಿಯಾಯಿತಿ ಇವತ್ತೇ ಕೊನೆ" ಎಂಬುದೂ ಅದೇ ಜಾತಿಯ ಮಾತು. ಅವನೊಡನೆ ಸೌಜನ್ಯದಿಂದಿರೋಣ, ಅವನ ಅವಸರವನ್ನು ಮಾತ್ರ ನಮ್ಮದಾಗಿಸಿಕೊಳ್ಳುವುದು ಬೇಡ. ಮೊದಲ ದಿನ ಮುಂಗಡ ಕೊಡುವುದಿಲ್ಲವೆಂದು ನಿಶ್ಚಯಿಸಿಯೇ ಮನೆಯಿಂದ ಹೊರಡಬೇಕು.

ಇನ್ನು ಲೆಕ್ಕದ ಮಾತು. ಕೊಡಬೇಕಾದ ಪೂರ್ತಿ ಮೊತ್ತವನ್ನು ಬಾಬ್ತುವಾರು ಬರೆದು ಕೊಡಲು ಕೇಳಬೇಕು: ಕಾರಿನ ಬೆಲೆ, ರಸ್ತೆ ತೆರಿಗೆ, ನೋಂದಣಿ, ವಿಮೆ. ಅದರಲ್ಲಿ "ಹ್ಯಾಂಡ್ಲಿಂಗ್ ಚಾರ್ಜ್" ಎಂಬ ಸಾಲು ಕಂಡರೆ ಅದು ಸರಕಾರದ ತೆರಿಗೆಯಲ್ಲ, ಅಂಗಡಿಯವರ ಸೇರಿಕೆ; ಕೊಡುವುದಿಲ್ಲವೆಂದು ಹೇಳಬಹುದು. ವಿಮೆಯನ್ನು ತಮ್ಮಲ್ಲೇ ಮಾಡಿಸಬೇಕೆಂದು ಕಟ್ಟುಪಾಡು ಹಾಕುವ ಅಧಿಕಾರವೂ ಅವರಿಗಿಲ್ಲ. ಹೊರಗೆ ವಿಚಾರಿಸಿ, ಎರಡನ್ನೂ ಹೋಲಿಸಿ ನೋಡಬೇಕು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. 28ರಿಂದ 18 ಪರ್ಸೆಂಟಿಗೆ ಇಳಿಯಿತು. ಆದುದರಿಂದ ಹಳೆಯ ದರಪಟ್ಟಿ ಹಿಡಿದು "ಇಷ್ಟು ಇಳಿಸಿದ್ದೇವೆ" ಎಂದರೆ ಒಪ್ಪಲಾಗದು. ಟ್ಯಾಕ್ಸಿಗೆಂದು ಕೊಳ್ಳುವವರು ಆ ಮಾತನ್ನು ಮೊದಲೇ ತಿಳಿಸಬೇಕು. ಬಿಳಿ ಫಲಕದ ಖಾಸಗಿ ಕಾರಿನಲ್ಲಿ ಬಾಡಿಗೆ ಹೊಡೆಯುವುದು ಕಾನೂನಿಗೆ ವಿರುದ್ಧ.

ಎಲ್ಲಕ್ಕಿಂತ ಹೆಚ್ಚಿನ ಮೋಸ ಹೋಗುವುದು ಸಾಲದ ಕಾಗದದಲ್ಲಿ. ನಾಲ್ಕು ಲಕ್ಷ ರೂಪಾಯಿ ಸಾಲ, ಐದು ವರ್ಷದ ಕಂತು, ಬಡ್ಡಿ 10 ಪರ್ಸೆಂಟ್ ಎನ್ನುತ್ತಾರೆಂದು ಇಟ್ಟುಕೊಳ್ಳೋಣ. ತೀರಿದಷ್ಟನ್ನು ಕಳೆದು ಉಳಿದ ಸಾಲಕ್ಕೆ ಮಾತ್ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 8,500 ರೂಪಾಯಿ. "ಫ್ಲ್ಯಾಟ್" ಬಡ್ಡಿಯಾದರೆ ಕಂತು 10,000 ರೂಪಾಯಿ. ಹೇಳಿಕೆಯ ದರ ಎರಡರಲ್ಲೂ 10. ಆದರೆ ಐದು ವರ್ಷದಲ್ಲಿ ಹೆಚ್ಚು ತೆರುವುದು ಸುಮಾರು 90,000 ರೂಪಾಯಿ! ನಿಜವಾದ ಬಡ್ಡಿ 17 ಪರ್ಸೆಂಟಿಗೂ ಮೀರುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ, 2024ರ ಅಕ್ಟೋಬರ್ ಒಂದರಿಂದೀಚೆಗಿನ ಹೊಸ ಸಾಲಗಳಿಗೆ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಮುಖ್ಯ ಸಂಗತಿಗಳ ಒಂದು ಪತ್ರವನ್ನು ಸಾಲಗಾರನಿಗೆ ಕೊಡಬೇಕು. ಎಲ್ಲ ಖರ್ಚೂ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಈ ಕೊನೆಯ ಮಾತನ್ನು ಕನ್ನಡಿಗರು ಗಟ್ಟಿಯಾಗಿ ಹಿಡಿಯಬೇಕು. ಓದಲು ಬಾರದ ಕಾಗದಕ್ಕೆ ರುಜು ಹಾಕುವುದು ಯಾವ ಮರ್ಯಾದೆ?

ಕರೋಲ್ ಬಾಗಿನಂಥ ಕಡೆಗಳಲ್ಲಿ ಹಳೆಯ ಕಾರು ಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. ಹತ್ತು ವರ್ಷ ಮೀರಿದ ಡೀಸೆಲ್ ಗಾಡಿ ರಾಜಧಾನಿ ವಲಯದಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳೆರಡಕ್ಕೂ ಈ ನಿರ್ಬಂಧ ಹಾಕಿತು. 2025ರಲ್ಲಿ ಅದರ ಜಾರಿಯ ಬಗ್ಗೆ ಅದೇ ಕೋರ್ಟಿನಿಂದ ಮತ್ತೆ ಆದೇಶಗಳು ಬಂದವು. ಅಗ್ಗವಾಗಿ ಸಿಗುವ ಗಾಡಿ ಹಲವು ಸಲ ಈ ಕಾರಣದಿಂದಲೇ ಅಗ್ಗ. ನೋಂದಣಿ ಪುಸ್ತಕದ ತಾರೀಕು, ಹಳೆಯ ಸಾಲ ತೀರಿದೆಯೇ ಎಂಬುದು, ಇವನ್ನು ನೋಡದೆ ಹಣ ಎಣಿಸಕೂಡದು. ತಮ್ಮ ಹಳೆಯ ಗಾಡಿಯನ್ನು ಬದಲಿಗೆ ಕೊಡುವವರು ಹೆಸರಿನ ವರ್ಗಾವಣೆ ಮುಗಿಯುವವರೆಗೆ ಬೆನ್ನು ಬಿಡಬಾರದು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ.

ಇಷ್ಟರ ಮೇಲೂ ಅನ್ಯಾಯವಾದರೆ ಸುಮ್ಮನೆ ಕೂರಬೇಕಾಗಿಲ್ಲ. ಬಳಕೆದಾರರ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. 2019ರ ಕಾಯಿದೆಯಂತೆ ನಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಬಾಯಿಮಾತಿಗೆ ಅಲ್ಲಿ ಬೆಲೆ ಕಡಿಮೆ. ರಸೀದಿ, ಬರೆದುಕೊಟ್ಟ ದರಪಟ್ಟಿ, ಇವೇ ಅಲ್ಲಿ ನಮ್ಮ ಸಾಕ್ಷಿಗಳು.

ಕೂಲಿಯ ಮಾತಿಗೆ ಮಾಲೀಕನ ಕೋಣೆಗೆ ಒಬ್ಬೊಬ್ಬರೇ ಹೋಗಬಾರದೆಂದು ಸಂಘ ನಮಗೆ ಕಲಿಸಿದೆ. ಕಾರಿನ ಅಂಗಡಿಗೂ ಅದೇ ಪಾಠ ಸಲ್ಲುತ್ತದೆ. ಹಿಂದಿ ಬಲ್ಲವರೊಬ್ಬರು, ಲೆಕ್ಕ ಬಲ್ಲವರೊಬ್ಬರು ಜೊತೆಗಿರಲಿ. ಮೊದಲೇ ಕಾರು ಕೊಂಡವರು ತಮ್ಮ ದರಪಟ್ಟಿ, ಕಂತಿನ ಲೆಕ್ಕಗಳನ್ನು ಸಂಘದ ಕೋಣೆಗೆ ತಂದು ಮುಂದೆ ಕೊಳ್ಳುವವರಿಗೆ ತೋರಿಸಲಿ. ಒಬ್ಬರು ತೆತ್ತು ಕಲಿತದ್ದು ಹತ್ತು ಜನರ ಗಂಟನ್ನು ಉಳಿಸೀತು. ಕಾರು ನಾಳೆಯೂ ಅಲ್ಲಿಯೇ ಇರುತ್ತದೆ. ಕೈಬಿಟ್ಟ ಹಣ ಮಾತ್ರ ಮತ್ತೆ ಇಪ್ಪತ್ತು ವರ್ಷದ ದುಡಿಮೆಯನ್ನು ಕೇಳುತ್ತದೆ.