ಲಾನ್ ಒಣಗಿದ್ರೆ ಒಣಗಲಿ ಬಿಡ್ರಪ್ಪಾ!

1/4
ಮೊದಲ ಫೋಟೋ ಏಪ್ರಿಲ್‌ದು, ಎರಡನೇದು ಜೂನ್‌ದು. ಬೆಂಗಳೂರಿನ ನಮ್ಮ ಮನೆ ಮುಂದಿನ ಅದೇ ಲಾನ್, ಅದೇ ಹುಲ್ಲು. ಸ್ವೈಪ್ ಮಾಡಿ ನೋಡ್ಕೊಂಡು ಬನ್ನಿ.

ನೋಡಿದ್ರಾ? ಏಪ್ರಿಲ್‌ನಲ್ಲಿ ಎದುರು ಮನೆ ಅಂಕಲ್ "ಏನಮ್ಮ, ಲಾನ್ ಸಾಯಿಸಿಬಿಟ್ರಾ?" ಅಂದ್ರು. ಸತ್ತಿರಲಿಲ್ಲ. ಅದು ಗರಿಕೆ. ಗಣೇಶನ ಹಬ್ಬಕ್ಕೆ ಕಿತ್ತು ತರ್ತೀವಲ್ಲ, ಅದೇ. ನೀರಿಲ್ಲದಾಗ ಮೇಲಿನ ಎಲೆ ಒಣಗುತ್ತೆ, ಮಣ್ಣೊಳಗಿನ ಕಾಂಡದಲ್ಲಿ ಜೀವ ಇರುತ್ತೆ. ಮಳೆ ಬಿದ್ರೆ ಮತ್ತೆ ಚಿಗುರುತ್ತೆ. ಹೊಲದ ಬದುವಿನ ಗರಿಕೆಗೆ ಯಾರು ಪೈಪ್ ಹಿಡೀತಾರೆ ಹೇಳಿ?

2/4
ಬಿಕಾಂ ಬಂಧುಗಳೇ, ಲೆಕ್ಕ ಹಾಕೋಣ. 1 ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ನೀರು ಅಂದ್ರೆ 1 ಲೀಟರ್. ನಮ್ಮ ಲಾನ್ 20 ಅಡಿಗೆ 30 ಅಡಿ, ಸುಮಾರು 56 ಚದರ ಮೀಟರ್. ದಿನಕ್ಕೆ 5 ಮಿಲಿಮೀಟರ್ ಹಾಕಿದ್ರೂ 280 ಲೀಟರ್. ಅಂದ್ರೆ 20 ಲೀಟರಿನ 14 ಕ್ಯಾನ್! ತಿಂಗಳಿಗೆ 8,400 ಲೀಟರ್. ಅದೂ ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲೆತ್ತಿ ತಂದ ಕಾವೇರಿ ನೀರು. ಇದನ್ನ ಯಾವ ಖಾತೆಗೆ ಬರೀತೀರಾ?

3/4
2024ರ ಮಾರ್ಚ್ ನೆನಪಿದೆಯಾ? ಬೋರ್‌ವೆಲ್‌ಗಳು ಬತ್ತಿದ್ವು. ಕುಡಿಯೋ ನೀರನ್ನ ಗಿಡಕ್ಕೆ, ಕಾರು ತೊಳೆಯೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡ್ತು. ನಮ್ಮಪ್ಪ ಏನು ಮಾಡಿದ್ರು? ಯಾರೂ ಏಳೋಕೆ ಮುಂಚೆ ಲಾನ್‌ಗೆ ನೀರು ಬಿಡೋಕೆ ಶುರು ಮಾಡಿದ್ರು.

ಒಂದು ದಿನ ಮನೆಕೆಲಸಕ್ಕೆ ಬರೋ ಅಕ್ಕ ಬೇಗ ಬಂದ್ರು. ಅವರ ಬೀದಿಗೆ ಮೂರು ದಿನದಿಂದ ನೀರು ಬಂದಿರಲಿಲ್ಲ. "ಎರಡು ಬಿಂದಿಗೆ ತಗೊಂಡು ಹೋಗ್ಲಾ ಅಮ್ಮಾ?" ಅಂತ ಕೇಳಿದ್ರು. ಅಮ್ಮ ಹೂಂ ಅಂದ್ರು. ಪಕ್ಕದಲ್ಲೇ ಪೈಪ್ ಹುಲ್ಲಿನ ಮೇಲೆ ಹರೀತಾನೇ ಇತ್ತು. ಅಕ್ಕ ಅದನ್ನ ನೋಡಿದ್ರು, ನಾನೂ ನೋಡಿದೆ. ಇಬ್ಬರೂ ಏನೂ ಮಾತಾಡಲಿಲ್ಲ. ನನಗೆ ಇವತ್ತಿಗೂ ನಾಚಿಕೆ ಆಗುತ್ತೆ.

ಈ ಬೇಸಿಗೆ ಪೈಪ್ ಸುತ್ತಿ ಒಳಗಿಟ್ವಿ. ಅಪ್ಪ ಒಂದು ವಾರ ಮುಖ ಊದಿಸ್ಕೊಂಡಿದ್ರು, ಅಷ್ಟೇ.

4/4
"ಮಣ್ಣು ಬರಿದಾದ್ರೆ ಧೂಳು ಏಳುತ್ತೆ, ಮನೆ ಕಾಯುತ್ತೆ" ಅಂತೀರಾ? ಒಪ್ಪಿದೆ. ಆದ್ರೆ ಒಣಗಿದ ಗರಿಕೆನೂ ಮಣ್ಣು ಹಿಡಿದಿರುತ್ತೆ. ಬೇಸಿಗೆಯಲ್ಲಿ ತೀರಾ ಗಿಡ್ಡ ಕತ್ತರಿಸಬೇಡಿ, ಎತ್ತರದ ಹುಲ್ಲು ನೆಲಕ್ಕೆ ನೆರಳು. ಕೊಡಲೇಬೇಕಾ? ಅಕ್ಕಿ, ತರಕಾರಿ ತೊಳೆದ ನೀರು ಕೊಡಿ. ದಿನಾ ಚಿಮುಕಿಸೋ ಚಟ ಬಿಡಿ, ಬೇರು ಮೇಲೇ ಉಳಿದು ಹುಲ್ಲು ಇನ್ನೂ ಸೋಮಾರಿ ಆಗುತ್ತೆ. ಹೊಸ ಲಾನ್ ಹಾಕೋದಿದ್ರೆ ಮಳೆಗಾಲದಲ್ಲಿ ಹಾಕಿ. ಮಳೆ ಬರ್ತಿರುವಾಗ್ಲೂ ಸ್ಪ್ರಿಂಕ್ಲರ್ ಓಡಿಸೋ ಮಹಾನುಭಾವರೇ, ನೀರು ನಿಂತ್ರೆ ಬೇರಿಗೆ ಗಾಳಿ ಸಿಗಲ್ಲ, ಕೊಳೆಯುತ್ತೆ. ದುಡ್ಡು ಕೊಟ್ಟು ಹುಲ್ಲು ಕೊಲ್ಲೋದು ಅಂದ್ರೆ ಅದು.

ಬಿಸಿಲಿಗೆ ಒಣಗೋದು, ಮಳೆಗೆ ಚಿಗುರೋದು ಹುಲ್ಲಿಗೆ ಗೊತ್ತು. ಕಾಯೋದು ನಾವು ಕಲೀಬೇಕು.

ಇದನ್ನ ಮನೇಲಿ ಪೈಪ್ ಹಿಡಿಯೋರಿಗೆ ತೋರಿಸಿ. ಬೈದ್ರೆ ನನ್ನ ಹೆಸರು ಹೇಳಿ.

#ಗರಿಕೆ #ನೀರು #ಲಾನ್‌ಲೆಕ್ಕ