ಬ್ಯಾರಿಕೇಡ್‌ಗೆ ಬಣ್ಣ ಬೇಡ, ತೆಗೆಯುವ ದಿನಾಂಕ ಬೇಕು

ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಮಕ್ಕಳು ಮರಿಗಳನ್ನು ಕರೆದುಕೊಂಡು ಹೋಗುವ ನಾವೆಲ್ಲ ಅದರ ಕಲ್ಲಿನ ಗೋಡೆಗಳನ್ನು ಕಂಡು ಬೆರಗಾಗುತ್ತೇವೆ. ಆದರೆ ಆ ಗೋಡೆಗಳನ್ನು ಕಟ್ಟಿದ್ದು ಬೆರಗು ಹುಟ್ಟಿಸುವುದಕ್ಕಲ್ಲ, ಮನುಷ್ಯರನ್ನು ತಡೆಯುವುದಕ್ಕೆ. ಅವು ಇಂದು ಸುಂದರವಾಗಿ ಕಾಣುತ್ತಿದ್ದರೆ ಅದಕ್ಕೆ ಕಾರಣ, ಅವುಗಳ ಹಿಂದೆ ಈಗ ಯಾರೂ ಆಯುಧ ಹಿಡಿದು ಕಾಯುತ್ತಿಲ್ಲ, ಮುಂದೆ ಯಾರೂ ಹೆದರಿ ನಿಂತಿಲ್ಲ. ತಡೆಗೋಡೆಯೊಂದು ಕಲೆಯಾಗುವುದು ಅದು ತಡೆಯುವುದನ್ನು ನಿಲ್ಲಿಸಿದ ಮೇಲೆಯೇ.

ಈ ಮಾತನ್ನು ಇಂದು ನೆನಪಿಸಿಕೊಳ್ಳಲು ಕಾರಣವಿದೆ. ಕೋಟೆಯಿಂದಿಳಿದು ಊರೊಳಗೆ ಬಂದರೆ ನಮ್ಮ ಕಾಲದ ತಡೆಗಳು ಎದುರಾಗುತ್ತವೆ. ಹಬ್ಬಗಳ ಸಾಲು ಆರಂಭವಾಯಿತೆಂದರೆ ನಮ್ಮ ರಾಜ್ಯದ ಯಾವುದೇ ಪಟ್ಟಣದಲ್ಲಿ ಮಸೀದಿಯ ತಿರುವು, ಮೆರವಣಿಗೆಯ ಹಾದಿ, ಮಾರುಕಟ್ಟೆಯ ವೃತ್ತ, ಎಲ್ಲೆಡೆಯೂ ಕಬ್ಬಿಣದ ಬ್ಯಾರಿಕೇಡ್‌ಗಳು ಬಂದು ನಿಲ್ಲುತ್ತವೆ. ಹಬ್ಬ ಮುಗಿದ ಮೇಲೂ ಅವುಗಳಲ್ಲಿ ಎಷ್ಟೋ ರಸ್ತೆ ಬದಿಯಲ್ಲೇ ಉಳಿಯುತ್ತವೆ. ಇವು ನೋಡಲು ಅಸಹ್ಯವಾಗಿವೆ, ಊರಿನ ಕಲಾವಿದರಿಂದ ಚಿತ್ರ ಬರೆಸಿದರೆ ಬೀದಿಗೆ ಕಳೆ ಬಂದೀತು, ಕಲಾವಿದರಿಗೂ ಕೆಲಸ ಸಿಕ್ಕೀತು ಎಂಬ ಸಲಹೆ ಸಜ್ಜನರ ಬಾಯಿಂದಲೂ ಕೇಳಿ ಬರುವುದುಂಟು. ಸಲಹೆಯ ಹಿಂದೆ ಒಳ್ಳೆಯ ಮನಸ್ಸಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ನಾವಿದನ್ನು ವಿರೋಧಿಸುತ್ತೇವೆ. ಕಾರಣಗಳನ್ನು ಓದುಗರ ಮುಂದಿಡುವುದು ನಮ್ಮ ಕರ್ತವ್ಯ.

ಮೊದಲು ಎದುರು ಪಕ್ಷದ ವಾದಕ್ಕೆ ನ್ಯಾಯ ಸಲ್ಲಿಸೋಣ. ಎಲ್ಲ ತಡೆಗಳೂ ಒಂದೇ ಬಗೆಯವಲ್ಲ. 2016ರ ಜುಲೈ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ಜನಸಂದಣಿಯ ಮೇಲೆ ಲಾರಿ ಹರಿಸಿ 86 ಮಂದಿಯನ್ನು ಕೊಲ್ಲಲಾಯಿತು. 2017ರ ಜನವರಿಯಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್‌ನಲ್ಲಿ ವ್ಯಕ್ತಿಯೊಬ್ಬ ಪಾದಚಾರಿಗಳ ಮೇಲೆ ಕಾರು ಹಾಯಿಸಿದಾಗ ಆರು ಜೀವಗಳು ಹೋದವು. ಅದೇ ವರ್ಷ ಮೆಲ್ಬರ್ನ್‌ನ ಆಡಳಿತವು ಜನನಿಬಿಡ ಸ್ಥಳಗಳಲ್ಲಿ ಕಾಂಕ್ರೀಟಿನ ದಿಮ್ಮಿಗಳನ್ನಿಟ್ಟಿತು. ಊರಿನ ಕೆಲವರು ಅವುಗಳಿಗೆ ಬಣ್ಣದ ಬಟ್ಟೆ ಹೊದಿಸಿ ಚಿತ್ರ ಬಿಡಿಸಿದರು. ನಮಗೆ ಅದರಲ್ಲಿ ತಕರಾರಿಲ್ಲ. ಆ ದಿಮ್ಮಿ ವಾಹನವನ್ನು ತಡೆಯಿತೇ ಹೊರತು ಮನುಷ್ಯನನ್ನು ತಡೆಯಲಿಲ್ಲ. ಅದರ ಎರಡೂ ಬದಿಗಳಲ್ಲಿ ನಡೆಯುವವರು ಅದೇ ಊರಿನ ಜನ. ಎಲ್ಲರನ್ನೂ ಒಟ್ಟಾಗಿ ಕಾಯುವ ತಡೆಗೆ ಎಲ್ಲರೂ ಸೇರಿ ಬಣ್ಣ ಬಳಿದರೆ ತಪ್ಪೇನು?

ನಮ್ಮ ಬೀದಿಗಳ ಬ್ಯಾರಿಕೇಡ್ ಆ ಜಾತಿಯದಲ್ಲ. ಅದು ಒಂದು ಮೊಹಲ್ಲಾವನ್ನು ಪಕ್ಕದ ಓಣಿಯಿಂದ ಬೇರ್ಪಡಿಸುತ್ತದೆ. ಅದರ ಆಚೆಗಿರುವವನು ಅಪಾಯ ಎಂದು ಈಚೆಗಿರುವವನಿಗೂ, ಈಚೆಗಿರುವವನು ಅಪಾಯ ಎಂದು ಆಚೆಗಿರುವವನಿಗೂ ಹೇಳುತ್ತದೆ. 2022ರ ಆಗಸ್ಟ್‌ನಲ್ಲಿ ಬೆಂಗಳೂರಿನ ಚಾಮರಾಜಪೇಟೆಯ ಈದ್ಗಾ ಮೈದಾನ ಕಂಡ ಪೊಲೀಸ್ ಬಂದೋಬಸ್ತನ್ನು ನಾಡು ಮರೆತಿಲ್ಲ. ಮಕ್ಕಳು ಕ್ರಿಕೆಟ್ ಆಡುವ ಆ ನೆಲ ಕೆಲವು ವಾರಗಳ ಮಟ್ಟಿಗೆ ಗಡಿಪ್ರದೇಶದಂತಾಯಿತು. ಶಾಂತಿ ಕದಡದಂತೆ ನೋಡಿಕೊಳ್ಳುವ ಹೊಣೆ ಪೊಲೀಸರದ್ದು, ಅದಕ್ಕಾಗಿ ಒಂದೆರಡು ದಿನ ತಡೆ ಹಾಕಬೇಕಾಗಬಹುದು, ಒಪ್ಪೋಣ. ಆದರೆ ಅದು ಜ್ವರ ಬಂದವನ ಹಣೆಯ ಮೇಲಿನ ಒದ್ದೆ ಬಟ್ಟೆಯಿದ್ದಂತೆ. ಆ ಬಟ್ಟೆಗೆ ಯಾರಾದರೂ ಜರಿಯಂಚು ಹೊಲಿಸುತ್ತಾರೆಯೇ?

ಬಣ್ಣ ಬಳಿಯುವುದೆಂದರೆ ಅದನ್ನೇ. ಬರಿಯ ಕಬ್ಬಿಣವಾಗಿರುವಷ್ಟು ಕಾಲ ಬ್ಯಾರಿಕೇಡ್ ನಮ್ಮನ್ನು ಚುಚ್ಚುತ್ತದೆ. ಇದನ್ನೇಕೆ ಇನ್ನೂ ತೆಗೆದಿಲ್ಲ ಎಂದು ದಾರಿಹೋಕ ಕೇಳುತ್ತಾನೆ. ಅದರ ಮೇಲೆ ನವಿಲನ್ನೂ ಕಮಲದ ಕೊಳವನ್ನೂ ಬಿಡಿಸಿದ ದಿನ ಆ ಪ್ರಶ್ನೆ ಸಾಯುತ್ತದೆ. ತಾತ್ಕಾಲಿಕವಾಗಿ ಬಂದದ್ದು ಊರಿನ ಅಲಂಕಾರವಾಗಿ ಖಾಯಂ ಆಗುತ್ತದೆ. ಎಷ್ಟೋ ನಗರಗಳಲ್ಲಿ ಬ್ಯಾರಿಕೇಡ್‌ಗಳ ಮೇಲೆ ಚಿನ್ನದಂಗಡಿ, ಬಟ್ಟೆಯಂಗಡಿಗಳ ಹೆಸರುಗಳು ರಾರಾಜಿಸುವುದನ್ನು ನಾವು ಕಾಣುತ್ತಲೇ ಇದ್ದೇವೆ. ಜಾಹೀರಾತಿನ ಹಣದಿಂದ ನಿಂತ ತಡೆಯನ್ನು ತೆಗೆಯುವ ಅವಸರ ಯಾರಿಗಿದ್ದೀತು?

ಹೊದಿಕೆಯ ರಾಜಕೀಯ ಎಲ್ಲಿಗೆ ತಲುಪುತ್ತದೆಂಬುದಕ್ಕೆ ಹರಿದ್ವಾರ ಸಾಕ್ಷಿ. 2024ರ ಜುಲೈನಲ್ಲಿ ಅಲ್ಲಿ ಕಾವಡ್ ಯಾತ್ರೆಯ ಹಾದಿಯ ಮಸೀದಿ ಮತ್ತು ಮಜಾರ್‌ಗಳ ಮುಂದೆ ಬಿಳಿ ಬಟ್ಟೆಯ ಪರದೆಗಳನ್ನು ಕಟ್ಟಲಾಯಿತು. ಆಕ್ಷೇಪ ಕೇಳಿಬಂದ ಬಳಿಕ ಅದೇ ದಿನ ಅವನ್ನು ಬಿಚ್ಚಲಾಯಿತು. ಆ ಪರದೆಗಳ ಮೇಲೆ ಅಂದವಾದ ಹೂಬಳ್ಳಿಗಳಿದ್ದಿದ್ದರೆ ಆಕ್ಷೇಪ ಅಷ್ಟು ಬೇಗ ಏಳುತ್ತಿತ್ತೇ? ಏಳುತ್ತಿರಲಿಲ್ಲ ಎಂಬುದೇ ನಮ್ಮ ಆತಂಕ.

ಜಗತ್ತಿನ ದೊಡ್ಡ ಗೋಡೆಗಳೂ ಇದೇ ಪಾಠ ಹೇಳುತ್ತವೆ. 1961ರಲ್ಲಿ ಎದ್ದ ಬರ್ಲಿನ್ ಗೋಡೆಯ ಪಶ್ಚಿಮ ಮುಖದ ತುಂಬ ಚಿತ್ರಗಳಿದ್ದವು. ಪೂರ್ವದ ಮುಖ ಮಾತ್ರ ಬೋಳಾಗಿತ್ತು, ಏಕೆಂದರೆ ಆ ಕಡೆಯಿಂದ ಗೋಡೆಯ ಬಳಿಗೆ ಬರುವವನು ಗುಂಡಿಗೆ ಎದೆಯೊಡ್ಡಬೇಕಿತ್ತು. ಚಿತ್ರಗಳು ಗೋಡೆಯನ್ನು ಕೆಡವಲಿಲ್ಲ. 1989ರಲ್ಲಿ ಜನರೇ ಅದನ್ನು ದಾಟಿದರು. ಪೂರ್ವದ ಮುಖದ ಮೇಲೆ ಕಲಾವಿದರು ಬಣ್ಣವಿಟ್ಟದ್ದು 1990ರಲ್ಲಿ, ಗೋಡೆ ಸತ್ತ ಮೇಲೆ. ಪ್ಯಾಲೆಸ್ತೀನಿನ ನೆಲದಲ್ಲಿ ಇಸ್ರೇಲ್ ಕಟ್ಟಿದ ಗೋಡೆಯು ಅಂತಾರಾಷ್ಟ್ರೀಯ ಕಾನೂನಿಗೆ ವಿರುದ್ಧವೆಂದು ಅಂತಾರಾಷ್ಟ್ರೀಯ ನ್ಯಾಯಾಲಯವು 2004ರ ಜುಲೈ 9ರಂದು ಅಭಿಪ್ರಾಯ ನೀಡಿತು. ಮರುವರ್ಷ ಬ್ರಿಟನ್ನಿನ ಬ್ಯಾಂಕ್ಸಿ ಎಂಬ ಕಲಾವಿದ ಅದರ ಮೇಲೆ ಚಿತ್ರಗಳನ್ನು ಬರೆದ. ಅವು ಪ್ರತಿಭಟನೆಯ ಚಿತ್ರಗಳೇ. ಜಗತ್ತು ಅವನ್ನು ಕೊಂಡಾಡಿತು, ನೋಡಲು ಪ್ರವಾಸಿಗರು ಬಂದರು. ಗೋಡೆ ಮಾತ್ರ ಹಾಗೆಯೇ ನಿಂತಿದೆ.

ಹಾಗಾದರೆ ಕಲಾವಿದನ ಹೊಟ್ಟೆಪಾಡಿನ ಗತಿಯೇನು? ಇದು ಗಂಭೀರ ಪ್ರಶ್ನೆ. ನಮ್ಮ ಪಟ್ಟಣಗಳಲ್ಲಿ ಅಂಗಡಿಯ ಬೋರ್ಡು, ಲಾರಿಯ ಹಲಗೆ, ಸಿನಿಮಾದ ಕಟೌಟ್ ಬರೆದು ಬದುಕಿದವರಲ್ಲಿ ನಮ್ಮ ಸಮುದಾಯದವರೂ ಇದ್ದರು. ಕನ್ನಡದ ಅಕ್ಷರಗಳನ್ನು ಕುಂಚದ ಒಂದೇ ಎಳೆತದಲ್ಲಿ ಬೀದಿಗೆ ತಂದ ಆ ಕೈಗಳ ಅನ್ನವನ್ನು ಫ್ಲೆಕ್ಸ್ ಕಿತ್ತುಕೊಂಡಿತು. 2009ರಲ್ಲಿ ಬೆಂಗಳೂರಿನ ಅಂದಿನ ಮಹಾನಗರ ಪಾಲಿಕೆ ನಗರದ ಗೋಡೆಗಳ ಮೇಲೆ ಚಿತ್ರ ಬರೆಸಿದಾಗ ಇಂತಹ ಅನೇಕರಿಗೆ ಕೆಲಸ ಸಿಕ್ಕಿತು, ಅದು ಸಂತೋಷದ ಸಂಗತಿಯೇ. ಆದರೆ ಬರೆಸಿದ್ದೇನನ್ನು? ಜೋಗದ ಜಲಪಾತ, ಹಂಪಿ, ಮೈಸೂರಿನ ಅರಮನೆ, ಆನೆ, ಹುಲಿ. ಪ್ರವಾಸೋದ್ಯಮದ ಕ್ಯಾಲೆಂಡರ್ ಗೋಡೆಗೇರಿತು. ಗೋಡೆಯ ಪಕ್ಕದಲ್ಲೇ ಬದುಕುವ ಜನರ ಬಾಳು ಅದರಲ್ಲಿರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಬಗೆಯ ಕಲೆಯನ್ನೂ ಅದೇ ನಗರ ಕಂಡಿದೆ. 2015ರಲ್ಲಿ ಬಾದಲ್ ನಂಜುಂಡಸ್ವಾಮಿಯವರು ಸುಲ್ತಾನಪಾಳ್ಯದ ರಸ್ತೆ ಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿಯನ್ನಿಟ್ಟರು. ಯಾರೂ ಗಮನಿಸದಿದ್ದ ಗುಂಡಿಯನ್ನು ನಾಡೆಲ್ಲ ನೋಡಿತು, ಆಡಳಿತ ಎಚ್ಚೆತ್ತು ಅದನ್ನು ಮುಚ್ಚಿತು. ಕಲೆಯ ಕೆಲಸವೆಂದರೆ ಅದು. ಊರಿನ ಗಾಯವನ್ನು ತೋರಿಸುವುದು ಕಲೆ, ಮುಚ್ಚುವುದು ಸುಣ್ಣ ಬಳಿಯುವ ಕೆಲಸ. ಅದಕ್ಕೆ ಕಲಾವಿದನೇ ಬೇಕಾಗಿಲ್ಲ.

ಇಷ್ಟು ಹೇಳಿ ಸರಕಾರದತ್ತ ಬೆರಳು ತೋರಿಸಿ ಸುಮ್ಮನಾದರೆ ಅದು ಆತ್ಮವಂಚನೆ. ಬ್ಯಾರಿಕೇಡನ್ನು ಬೀದಿಗೆ ಕರೆತರುವವರಲ್ಲಿ ನಾವೂ ಇಲ್ಲವೇ? ಮೀಲಾದ್ ಮೆರವಣಿಗೆಯಲ್ಲಿ ಡಿಜೆ ಹಾಕಿ ಕುಣಿಯುವ ನಮ್ಮ ಹುಡುಗರನ್ನು ಹಿರಿಯರು ತಡೆದಿದ್ದಾರೆಯೇ? ಪಕ್ಕದ ಓಣಿಯ ಗಣೇಶೋತ್ಸವ ಸಮಿತಿಯವರೊಂದಿಗೆ ವರ್ಷದಲ್ಲಿ ಒಮ್ಮೆಯಾದರೂ ಕುಳಿತು ಚಹಾ ಕುಡಿದಿದ್ದೇವೆಯೇ? ಠಾಣೆಯಲ್ಲಿ ಕರೆಯುವ ಶಾಂತಿ ಸಭೆಯಲ್ಲೇ ಒಬ್ಬರ ಮುಖ ಒಬ್ಬರು ನೋಡುವುದಾದರೆ ಮಾರನೆಯ ದಿನ ಬೀದಿಯಲ್ಲಿ ಕಬ್ಬಿಣ ಬಾರದೆ ಮತ್ತೇನು ಬಂದೀತು? ದಾರಿಯಲ್ಲಿ ಬಿದ್ದ ಅಡಚಣೆಯನ್ನು ತೆಗೆಯುವುದೂ ಈಮಾನಿನ ಒಂದು ಶಾಖೆಯೆಂದು ಕಲಿತ ಸಮುದಾಯ ನಮ್ಮದು. ಕಲ್ಲು ಮುಳ್ಳಿಗಷ್ಟೇ ಆ ಮಾತು ಅನ್ವಯಿಸುತ್ತದೆಯೇ?

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟ. ಊರಿನ ಕಲಾವಿದರಿಗೆ ಕೆಲಸ ಕೊಡಿ, ಅದನ್ನು ಸೇವೆಯೆಂದು ಪುಕ್ಕಟೆ ಮಾಡಿಸಿಕೊಳ್ಳದೆ ಕೂಲಿ ಕೊಟ್ಟು ಮಾಡಿಸಿ. ಬಿರುಕು ಬಿಟ್ಟ ಸರಕಾರಿ ಶಾಲೆಯ ಗೋಡೆ, ಜಿಲ್ಲಾಸ್ಪತ್ರೆಯ ಹೆರಿಗೆ ವಾರ್ಡು, ಬಸ್ ನಿಲ್ದಾಣ, ಅಂಗನವಾಡಿ, ಇವೆಲ್ಲ ಬಣ್ಣಕ್ಕಾಗಿ ಕಾಯುತ್ತಿವೆ. ಕುಂಚ ಅಲ್ಲಿಗೆ ಹೋಗಲಿ. ಜನರನ್ನು ಬೇರ್ಪಡಿಸುವ ತಡೆಯ ಬಳಿಗೆ ಬೇಡ.

ಕೋಟೆಯ ಕಿಂಡಿಯ ಬಳಿ ಹೈದರಾಲಿಯ ಸೈನಿಕರನ್ನು ಎದುರಿಸಿದ ಒನಕೆ ಓಬವ್ವಳ ಕಥೆಯನ್ನು ನಮ್ಮ ಮಕ್ಕಳೂ ಹೆಮ್ಮೆಯಿಂದ ಹೇಳುತ್ತಾರೆ, ಹೇಳಲೇಬೇಕು. ಏಳು ಸುತ್ತಿನ ಗೋಡೆಯಿದ್ದರೂ ಅದರಲ್ಲೊಂದು ಕಿಂಡಿ ಇದ್ದೇ ಇತ್ತು. ಅಂದು ಊರನ್ನು ಕಾಯ್ದದ್ದು ಊರಿನ ಮೇಲೆ ಪ್ರೀತಿಯಿದ್ದ ಒಬ್ಬ ಹೆಣ್ಣುಮಗಳ ಎಚ್ಚರ. ಅಂತಹ ಎಚ್ಚರ ನೆರೆಹೊರೆಯವರಲ್ಲಿ ಪರಸ್ಪರರ ಬಗ್ಗೆ ಹುಟ್ಟಿದರೆ ಬ್ಯಾರಿಕೇಡಿಗೆ ಬೀದಿಯಲ್ಲಿ ಕೆಲಸವಿರದು. ಅಲ್ಲಿಯವರೆಗೆ ಅದರ ಮೇಲೆ ಏನಾದರೂ ಬರೆಯಲೇಬೇಕೆಂದಿದ್ದರೆ ಊರಿನ ಪೇಂಟರನ್ನೇ ಕರೆಯಿಸಿ, ಅವನಿಗೆ ಪೂರ್ತಿ ಕೂಲಿ ಕೊಟ್ಟು, ದೊಡ್ಡ ಕನ್ನಡ ಅಕ್ಷರಗಳಲ್ಲಿ ಒಂದೇ ಸಾಲನ್ನು ಬರೆಸಿರಿ: ಇದನ್ನು ಇಲ್ಲಿಂದ ತೆಗೆಯುವ ದಿನಾಂಕ ಇಂಥದ್ದು.