ಬಾಟಲಿಯೊಡನೆ ಊಟವೂ ಮಾರಾಟವಾಗಬೇಕು

ಭಾರತ ಮತ್ತು ಐರೋಪ್ಯ ಒಕ್ಕೂಟಗಳು ಮುಕ್ತ ವ್ಯಾಪಾರ ಒಪ್ಪಂದದ ಮಾತುಕತೆ ಮುಗಿದಿರುವುದಾಗಿ 2026ರ ಜನವರಿ 27ರಂದು ಪ್ರಕಟಿಸಿದವು. ಬಹುಕಾಲ ಶೇ. 150ರಷ್ಟಿದ್ದ ವೈನ್ ಆಮದು ಸುಂಕವನ್ನು ಹಂತಹಂತವಾಗಿ ಇಳಿಸುವ ಅಂಶ ಅದರಲ್ಲಿ ಸೇರಿದೆ. ಇದುವರೆಗೆ ರಾಜ್ಯದ ವೈನ್ ತಯಾರಕರಿಗೆ ಈ ಸುಂಕವೇ ಕೋಟೆಯಾಗಿತ್ತು. ಕೋಟೆಯ ಗೋಡೆ ತಗ್ಗಿದ ಮೇಲೆ ಅವರನ್ನು ಕಾಯುವುದೇನು ಎಂಬ ಪ್ರಶ್ನೆಗೆ ಉತ್ತರ ಸ್ಪೇನ್ ದೇಶದಲ್ಲಿಯೇ ದೊರೆಯುತ್ತದೆ.

ಅಲ್ಲಿನ ಎಬ್ರೊ ನದಿಯ ಕಣಿವೆಯಲ್ಲಿರುವ ರಿಯೋಹಾ ಪ್ರಾಂತ್ಯವು ಟೆಂಪ್ರಾನಿಯೊ ಎಂಬ ಕಪ್ಪು ದ್ರಾಕ್ಷಿಯ ಕೆಂಪು ವೈನ್‌ಗೆ ಹೆಸರಾಗಿದೆ. ಬೇಗ ಹಣ್ಣಾಗುವುದರಿಂದ ದ್ರಾಕ್ಷಿಗೆ ಆ ಹೆಸರು ಬಂದಿತು. ಕನಿಷ್ಠ 2 ವರ್ಷ ಮಾಗಿದ್ದು 'ಕ್ರಿಯಾಂಸಾ', 3 ವರ್ಷ ಮಾಗಿದ್ದು 'ರೆಸೆರ್ವಾ', 5 ವರ್ಷ ಮಾಗಿದ್ದು 'ಗ್ರಾನ್ ರೆಸೆರ್ವಾ'. ಈ ಅವಧಿಯಲ್ಲಿ ಒಂದು ಭಾಗವನ್ನು ಓಕ್ ಮರದ ಪೀಪಾಯಿಯಲ್ಲಿ ಕಳೆಯಬೇಕೆಂಬುದು ನಿಯಮ. ಆದರೆ ರಿಯೋಹಾದ ಕೀರ್ತಿಗೆ ಪೀಪಾಯಿಯೊಂದೇ ಕಾರಣವಲ್ಲ. ದ್ರಾಕ್ಷಿ ಬಳ್ಳಿಯ ಒಣ ಕಡ್ಡಿಗಳ ಕೆಂಡದ ಮೇಲೆ ಸುಟ್ಟ ಎಳೆಗುರಿಯ ಮಾಂಸ, ಆಲೂಗೆಡ್ಡೆಯೊಡನೆ ಬೆಂದ ಚೊರಿಸೊ, ಕುರಿ ಹಾಲಿನ ಗಿಣ್ಣು ಇವುಗಳೊಡನೆಯೇ ಆ ವೈನ್ ಬಡಿಸಲ್ಪಡುತ್ತದೆ. ಅಲ್ಲಿಗೆ ಹೋದ ಪ್ರವಾಸಿಗನು ಬಾಟಲಿಯೊಡನೆ ಊಟದ ನೆನಪನ್ನೂ ಹೊತ್ತು ಬರುತ್ತಾನೆ.

ಈ ಹೊಂದಿಕೆಗೆ ಸರಳವಾದ ಕಾರಣವಿದೆ. ಕೆಂಪು ವೈನ್‌ನ ಒಗರು ಮಾಂಸದ ಕೊಬ್ಬು ಮತ್ತು ಸಸಾರಜನಕದೊಡನೆ ಸೇರಿ ಮೆದುವಾಗುತ್ತದೆ. ಖಾರ ಹೆಚ್ಚಾದರೆ ಮದ್ಯಸಾರದ ಉರಿ ಎದ್ದು ಕಾಣುತ್ತದೆ. ಹುಣಿಸೆಹುಳಿ ಮಿತಿಮೀರಿದರೆ ವೈನ್ ಸಪ್ಪೆಯೆನಿಸುತ್ತದೆ.

ಕರ್ನಾಟಕಕ್ಕೂ ಈ ಉದ್ಯಮ ಹೊಸದಲ್ಲ. ನಂದಿಬೆಟ್ಟದ ತಪ್ಪಲಿನಲ್ಲಿ ಗ್ರೋವರ್ ಸಂಸ್ಥೆ 1988ರಲ್ಲಿ ಆರಂಭವಾಯಿತು. 2007ರಲ್ಲಿ ಸರ್ಕಾರವು ದ್ರಾಕ್ಷಾರಸ ನೀತಿಯನ್ನು ತಂದಿತು. ಬಳಿಕ ದ್ರಾಕ್ಷಾರಸ ಮಂಡಳಿಯೂ ರಚನೆಯಾಯಿತು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಚನ್ನಪಟ್ಟಣದ ಸೀಮೆಯಲ್ಲಿಯೂ ವೈನ್ ತಯಾರಾಗುತ್ತಿದೆ. ಬೆಳೆ, ತಯಾರಿಕೆ, ನೀತಿ ಎಲ್ಲವೂ ಇವೆ. ಊಟದೊಡನೆ ಬೆಸೆಯುವ ಕೆಲಸವೊಂದು ಹಿಂದುಳಿದಿದೆ. ಮಾರಾಟಗಾರರು ಇಂದಿಗೂ ವೈನ್ ಅನ್ನು ಚೀಸ್ ತುಂಡಿನ ಜೊತೆಗಷ್ಟೇ ತೋರಿಸುತ್ತಾರೆ.

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂತಹ ಹೋಬಳಿಯ ವರ್ತಕರಿಗೆ ಈ ಮಾತು ಸಂಬಂಧವಿಲ್ಲದ್ದೆಂದು ತೋರಬಹುದು. ಆದರೆ ರಾಗಿಮುದ್ದೆ, ನಾಟಿಕೋಳಿ ಸಾರು, ಕೈಮಾ ಉಂಡೆ, ಹಿತಕಿದ ಅವರೆಬೇಳೆ ಸಾರು ಈ ಸೀಮೆಯ ಆಸ್ತಿ. ಕಾಳುಮೆಣಸು ಹಾಕಿ ಹುರಿದ ಕುರಿಮಾಂಸ ರಿಯೋಹಾದ ಸುಟ್ಟ ಮಾಂಸಕ್ಕೆ ಹತ್ತಿರದ ನೆಂಟ. ತೆಂಗಿನಕಾಯಿ ಅರೆದು, ಮೆಣಸಿನಕಾಯಿ ಇಳಿಸಿದ ಅವರೆಬೇಳೆ ಸಾರಿಗೆ ಒಗರು ಕಡಿಮೆಯಿರುವ ಎಳೆಯ ಕೆಂಪು ವೈನ್ ಹೊಂದುತ್ತದೆ. ಹುಳಿ, ಖಾರ ಎರಡೂ ಮುಂದಾದ ಸಾರಿಗೆ ಕೆಂಪು ವೈನ್ ಬೇಡವೆಂದು ಗ್ರಾಹಕನಿಗೆ ಹೇಳುವುದೂ ವ್ಯಾಪಾರದ ಪ್ರಾಮಾಣಿಕತೆಯೇ.

ಇದರಲ್ಲಿ ವೈನ್ ತಯಾರಕನೊಬ್ಬನ ಲಾಭವಷ್ಟೇ ಇಲ್ಲ. ಪರವಾನಗಿ ಹೊಂದಿದ ಹೋಟೆಲುಗಳು ಸ್ಥಳೀಯ ಅಡುಗೆ ಮತ್ತು ರಾಜ್ಯದ ವೈನ್ ಒಟ್ಟಿಗೆ ಸೂಚಿಸುವ ಊಟದ ಪಟ್ಟಿಯನ್ನು ಸಿದ್ಧಪಡಿಸಿದರೆ ರಾಗಿ ಹಿಟ್ಟಿನ ಗಿರಣಿಗೆ, ಅವರೆ ಮಂಡಿಗೆ, ಕೋಳಿ ಸಾಕಣೆದಾರನಿಗೆ ಖಾಯಂ ಗಿರಾಕಿ ದೊರೆಯುತ್ತಾನೆ. ದಾಸ್ತಾನಿನ ಶಿಸ್ತೂ ಬೇಕು. ಕೆಂಪು ವೈನ್ 16ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ರುಚಿ ಬಿಡುತ್ತದೆ. ಬೇಸಗೆಯ ಅಂಗಡಿಯಲ್ಲಿ ಬಿಸಿಲಿಗೆ ಒಡ್ಡಿದ ಬಾಟಲಿ ಕೆಡುತ್ತದೆ. ಬಡಿಸುವ ಮುನ್ನ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಸಾಕು.

ಸ್ಪೇನ್‌ನ ಬಾಟಲಿ ಅಗ್ಗವಾಗಿ ಬರುವುದನ್ನು ಯಾರೂ ತಡೆಯಲಾರರು, ತಡೆಯಬೇಕಾಗಿಯೂ ಇಲ್ಲ. ಅದು ತನ್ನ ಊರಿನ ಊಟವನ್ನು ಹಡಗಿನಲ್ಲಿ ಹೊತ್ತು ತರಲಾರದು. ಈ ನೆಲದ ಊಟ ಈ ನೆಲದ ವರ್ತಕರ ಕೈಯಲ್ಲಿದೆ. ಸುಂಕ ಇಳಿಯುವುದು ಹಂತಹಂತವಾಗಿ. ಸಿದ್ಧತೆಗೆ ದೊರೆಯುವ ಕಾಲಾವಕಾಶವೂ ಅಷ್ಟೇ.